ನಾಲ್ಕನೇ ಚಕ್ರದ ಒಳಮೈ

"ಓವನ್ ಕ್ಲೀನರಾ?" ಅಂದೆ.

"ಹೌದು."

"ಅಡುಗೆಮನೆಯ ಓವನ್ ತೊಳೆಯೋದು?"

"ಬೇರೆ ಥರದ ಓವನ್ ಇದೆಯಾ?"

ನನಗೆ ನಗು ಬರಬೇಕಿತ್ತು, ಸಿಟ್ಟು ಬಂತು. ಅವನು ನನ್ನ ಮೇಜಿನ ಮೇಲೆ ತಂದಿಟ್ಟ ಕಾರಿನ ಚಕ್ರ ಒಂದು ಕಾಲಕ್ಕೆ ಒಳ್ಳೆಯ ಅಲ್ಯೂಮಿನಿಯಂ ಆಗಿತ್ತು. ಈಗ ತಳ ಹಿಡಿದ ಪಾತ್ರೆಯ ಹಾಗೆ ಕಪ್ಪಗಾಗಿತ್ತು. ಲೋಹ ಮಾಸದಿರಲಿ ಎಂದು ಕಾರ್ಖಾನೆಯವರು ಬಳಿದಿರುತ್ತಾರಲ್ಲ, ಗಾಜಿನಂಥ ತೆಳು ಪದರ, ಆ ಕ್ಲಿಯರ್ ಕೋಟ್ ಅರ್ಧ ಹಾಗೇ ಇತ್ತು. ಅದು ಬಿಟ್ಟುಕೊಟ್ಟ ಕಡೆಯೆಲ್ಲ ಓವನ್ ಕ್ಲೀನರ್ ಹೋಗಿ ಲೋಹವನ್ನೇ ತಿಂದಿತ್ತು.

"ಯಾರು ಕೊಟ್ಟಿದ್ದು ಈ ಐಡಿಯಾ?"

"ಇಂಟರ್‌ನೆಟ್‌ನಲ್ಲಿ ಒಬ್ಬ. ದೊಡ್ಡ ಗಡ್ಡ ಇತ್ತು. ತಿಳಿದವನು ಅನ್ಕೊಂಡೆ."

"ಉಳಿದ ಮೂರು ಚಕ್ರದ ಗತಿ?"

"ಮುಟ್ಟಿಲ್ಲ. ಇದು ಕಪ್ಪಾದ ತಕ್ಷಣ ಹೆದರಿ ಓಡಿಬಂದೆ."

"ಅಷ್ಟಾದರೂ ಬುದ್ಧಿ ಇದೆಯಲ್ಲ," ಅಂದೆ. ಗಿರಾಕಿಗಳ ಜೊತೆ ನಾನು ಹೀಗೇ ಮಾತಾಡುವುದು. ಬೇಕಾದವರು ಬರುತ್ತಾರೆ, ಬೇಡದವರು ಓವನ್ ಕ್ಲೀನರ್ ಕೊಳ್ಳುತ್ತಾರೆ.

ಅವನಿಗೆ ಬೇಜಾರಾದಂತೆ ಕಾಣಲಿಲ್ಲ. ಬೆರಳ ಗೆಣ್ಣಿನಿಂದ ಚಕ್ರದ ಅಂಚಿಗೆ ಟಣ್ ಎಂದು ಬಡಿದು, ತಲೆ ಓರೆ ಮಾಡಿ ಕೇಳಿಸಿಕೊಂಡ. "ಕಪ್ಪಾದರೂ ಸ್ವರ ಕೆಟ್ಟಿಲ್ಲ," ಎಂದ. ಹೆಸರು ಆರ್ಲೋ ಕ್ಯೂಪರ್. ಮನೆ ಮನೆಗೆ ಹೋಗಿ ಪಿಯಾನೋಗಳಿಗೆ ಶ್ರುತಿ ಮಾಡುವುದು ಕೆಲಸ. ಮಿಶಿಗನ್ ಸರೋವರದ ಆಚೆ ದಡದಿಂದ ನಮ್ಮ ಪೋರ್ಟ್ ಹ್ಯಾಲಮ್‌ಗೆ ಬಂದು ಏಳು ತಿಂಗಳಾಗಿತ್ತು. ಬಂದವನೇ ಪಕ್ಕದ ಕೌಂಟಿಯ ಮುದುಕನೊಬ್ಬನಿಂದ ೧೯೮೮ರ ನೀಲಿ ಕಾರು ಕೊಂಡಿದ್ದ. ಜೂನ್ ಮೊದಲ ಶನಿವಾರ ನಡೆಯುವ ಕಾರುಗಳ ಪರೇಡಿನಲ್ಲಿ ಅದನ್ನು ಓಡಿಸಬೇಕು, ಊರಿನವರಲ್ಲಿ ಒಬ್ಬನಾಗಬೇಕು ಎಂದು ಅವನ ಆಸೆ.

"ಚಕ್ರ ನಾಲ್ಕನ್ನೂ ಬಿಟ್ಟು ಹೋಗಲಾ? ನೀವು ಮಾಡಿಕೊಡ್ತೀರಾ?"

"ಪರೇಡಿಗೆ ಅಂದಮೇಲೆ ಮಾಡಿಕೊಡೋ ಹಾಗಿಲ್ಲ," ಅಂದೆ.

ಅದು ನಮ್ಮೂರಿನ ಪದ್ಧತಿ. ನವೆಂಬರಿಂದ ಏಪ್ರಿಲ್‌ವರೆಗೆ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ಕ್ಲಿಯರ್ ಕೋಟಿನ ಅಡಿ ನುಗ್ಗಿ ಬಿಳಿ ಹುಳು ಹರಿದ ಹಾಗೆ ಗೆರೆ ಎಳೆದುಬಿಡುತ್ತದೆ. ಹಿಮ ಕರಗಿದ ಕೂಡಲೇ ಊರಿಗೂರೇ ಚಕ್ರ ಹೊತ್ತುಕೊಂಡು ನನ್ನಲ್ಲಿಗೆ ಬರುತ್ತದೆ. ಆದರೆ ಪರೇಡಿನ ಕಾರಿನ ಚಕ್ರವನ್ನು ಮಾತ್ರ ಯಜಮಾನನೇ ತನ್ನ ಕೈಯಾರೆ ಉಜ್ಜಬೇಕು. ಅಂಚೆ ಕಚೇರಿಯ ಮುಂದೆ ಮೈಕು ಹಿಡಿದು ನಿಂತವನು ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳುತ್ತಾನೆ: "ಯಾರ ಕೈ?" ಇಪ್ಪತ್ತು ವರ್ಷದ ಕೆಳಗೆ ಸುಳ್ಳು ಹೇಳಿ ಸಿಕ್ಕಿಬಿದ್ದವನನ್ನು ಊರು ಇವತ್ತಿಗೂ 'ಬಾಡಿಗೆ ಕೈ' ಅಂತಲೇ ಕರೆಯುವುದು. ಅವನ ನಿಜ ಹೆಸರು ನನಗೇ ನೆನಪಿಲ್ಲ.

"ಮಾಡಿಕೊಡಲ್ಲ, ಹೇಳಿಕೊಡ್ತೀನಿ," ಅಂದೆ. "ಶನಿವಾರಕ್ಕೊಂದು ಚಕ್ರ. ನಾಲ್ಕು ಶನಿವಾರ. ಹಳೇ ಅಂಗಿ ಹಾಕ್ಕೊಂಡು ಬನ್ನಿ."

"ನನ್ನ ಹತ್ರ ಹಳೇ ಅಂಗಿ ಬಿಟ್ಟು ಬೇರೆ ಇಲ್ಲ," ಎಂದು ನಕ್ಕು ಹೋದ.

ಹೊರಗೆ ಟೈರ್ ಅಂಗಡಿಯ ಗಲ್ಲಾದಲ್ಲಿ ಕೂತ ನಮ್ಮಮ್ಮ ಕನ್ನಡಕ ಏರಿಸಿ ಅವನು ಹೋಗುವವರೆಗೂ ನೋಡಿದಳು.

"ಯಾರೇ ಅವನು, ಬ್ರೋನ್ಯಾ?"

"ಗಿರಾಕಿ."

"ಕಿವಿ ಚೆನ್ನಾಗಿದೆ."

"ಅಮ್ಮಾ."

"ಕಿವಿ ಅಂದೆ ಕಣೇ. ಇನ್ನೇನು ಅಂದೆ ನಾನು?"

ನಮ್ಮಮ್ಮನಿಗೆ ಎಪ್ಪತ್ತೊಂದು. ನನಗೆ ಮೂವತ್ತೆಂಟು. ಗಿರಾಕಿಗಳಿಗೆ ಮನಸ್ಸು ಕೊಡುವುದಿಲ್ಲ ಎಂದು ನಾನು ಶಪಥ ಮಾಡಿ ಆರು ವರ್ಷವಾಗಿತ್ತು. ಡ್ವೇನ್ ಗಿರಾಕಿಯಾಗಿ ಬಂದವನು, ಗಂಡನಾದ, ಐದು ವರ್ಷ ಇದ್ದ, ಆಮೇಲೆ ಇಬ್ಬರಿಗೂ ಸಾಕಾಯಿತು. ಜಗಳವಿಲ್ಲ, ಕೋರ್ಟಿನಲ್ಲಿ ಕೈ ಕುಲುಕಿ ಬಂದೆವು. ಆದರೂ ಊರವರು ತಿಂಗಳುಗಟ್ಟಲೆ ಟೈರು ಬದಲಿಸುವ ನೆಪದಲ್ಲಿ ನನ್ನ ಮುಖ ನೋಡಲು ಬಂದರು. ಇನ್ನೊಂದು ಸಲ ಆ ಪ್ರದರ್ಶನಕ್ಕೆ ನಾನು ಸಿದ್ಧಳಿರಲಿಲ್ಲ. ನನಗೆ ಉಳಿದದ್ದು ಕೆಲಸದ ಹೆಸರು. ಬ್ರೋನ್ಯಾ ಕೊವಾಲ್ ಕೈಯಲ್ಲಿ ಚಕ್ರ ಕೆಟ್ಟದ್ದಿಲ್ಲ ಎಂದು ಮೂರು ಕೌಂಟಿಯಲ್ಲಿ ಹೇಳುತ್ತಾರೆ. ಅದು ನನಗೆ ಸಾಕಾಗಿತ್ತು, ಅಂದರೆ ಸಾಕು ಎಂದುಕೊಂಡಿದ್ದೆ.

ಮೊದಲನೇ ಶನಿವಾರ ಕಪ್ಪು ಚಕ್ರದಿಂದಲೇ ಶುರು ಮಾಡಿದೆವು. ಟೈರು ಬಿಚ್ಚಿದೆ. ಚಕ್ರವನ್ನು ಮಗುಚಿ ಒಳಮೈಯನ್ನು ಬೆಳಕಿಗೆ ಹಿಡಿದು ಸುತ್ತ ನೋಡಿದೆ. ಬಿರುಕಿದ್ದರೆ, ಯಾರಾದರೂ ಹಿಂದೆ ರಿಪೇರಿ ಮಾಡಿದ್ದರೆ ಗುಟ್ಟು ಬಯಲಾಗುವುದು ಅಲ್ಲೇ. ಮುಖಕ್ಕೆ ಏನು ಬೇಕಾದರೂ ಬಳಿಯಬಹುದು, ಒಳಮೈಗೆ ಯಾರೂ ಬಳಿಯುವುದಿಲ್ಲ.

"ಇದು ಮೊದಲ ಪಾಠ," ಅಂದೆ. "ಒಳಗೆ ನೋಡದೆ ಹೊರಗೆ ಕೈ ಹಾಕಬಾರದು."

"ಪಿಯಾನೋಗೂ ಅದೇ," ಎಂದ.

ಘಾಟು ಹೋಗಲೆಂದು ಬಾಗಿಲು ಪೂರ್ತಿ ತೆರೆದಿಟ್ಟೆ. ಕೈಗೆ ದಪ್ಪ ರಬ್ಬರ್ ಗವಸು, ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಕೊಟ್ಟೆ. ಇಷ್ಟೆಲ್ಲ ಹಾಕಿಕೊಂಡ ಮೇಲೆ ಅವನಲ್ಲಿ ಕಾಣುತ್ತಿದ್ದುದು ಎರಡು ಕಿವಿ ಮಾತ್ರ. ಅಮ್ಮನ ಮಾತು ನೆನಪಾಗಿ ನಾನು ಬೇರೆ ಕಡೆ ತಿರುಗಿದೆ.

"ಇದು ಸ್ಟ್ರಿಪರ್, ಹಳೇ ಕೋಟನ್ನ ಎಬ್ಬಿಸೋದು. ದಪ್ಪಗೆ ಬಳೀರಿ. ಒಂದೇ ದಿಕ್ಕಿಗೆ. ಬಳಿದ ಕಡೆ ಮತ್ತೆ ಬ್ರಷ್ ಆಡಿಸಬೇಡಿ. ಹಾಂ, ಅಷ್ಟೇ. ಈಗ ಈ ಪ್ಲಾಸ್ಟಿಕ್ ಹಾಳೆ ಸುತ್ತಿ."

"ಮಿಕ್ಕಿದ ಅಡುಗೆ ಮುಚ್ಚಿಡೋ ಹಾಳೆ ಅಲ್ವಾ ಇದು?"

"ಹೌದು. ಒಣಗಿದರೆ ಕೆಲಸ ಮಾಡಲ್ಲ, ಅದಕ್ಕೆ. ಇಪ್ಪತ್ತು ನಿಮಿಷ ಮುಟ್ಟಬಾರದು."

"ಆ ಇಪ್ಪತ್ತು ನಿಮಿಷ ನಾವೇನು ಮಾಡೋದು?"

"ಕಾಯೋದು."

ಅವನು ಮಾಸ್ಕ್ ತೆಗೆದು ನನ್ನ ಕಡೆ ನೋಡಿದ. ನೋಡಿದ್ದು ಒಂದು ಕ್ಷಣ, ಆದರೆ ಪೂರ್ತಿ ನೋಡಿದ. ಮಸಿ ಮೆತ್ತಿದ ಏಪ್ರನ್, ಪೆನ್ಸಿಲ್ ಸಿಕ್ಕಿಸಿದ ಕೂದಲು, ಎಲ್ಲ. ನಾನು ಕಾಫಿ ತರಲು ಎದ್ದೆ.

ಹಾಳೆ ತೆಗೆದಾಗ ಕ್ಲಿಯರ್ ಕೋಟ್ ಕಾದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಎದ್ದಿತ್ತು. ಪ್ಲಾಸ್ಟಿಕ್ ಚಾಕುವಿನಿಂದ ತಳ್ಳಿದರೆ ಉದ್ದಕ್ಕೆ ಸುರುಳಿ ಸುರುಳಿಯಾಗಿ ಬಂತು. ಆರ್ಲೋ ಹಬ್ಬದ ದಿನದ ಹುಡುಗನಂತೆ ಕೂಗಿದ. ನಾಲ್ಕು ನೂರು ನಂಬರಿನ ಮರಳು ಕಾಗದದಿಂದ ಹಿಡಿದು ಎರಡು ಸಾವಿರದ್ದರವರೆಗೆ, ನೀರು ಹಾಕಿ ಹಾಕಿ, ಸಂಜೆ ನಾಲ್ಕರವರೆಗೆ ಉಜ್ಜಿಸಿದೆ. ಬೈಯಬೇಕಾದ ಕಡೆ ಬೈದೆ. ಒಂದು ಸಲವೂ ಅವನು ಗೊಣಗಲಿಲ್ಲ.

"ಕಾಗದ ಬದಲಿಸಬೇಕು ಅಂತ ಹೇಗೆ ಗೊತ್ತಾಯ್ತು? ನಾನಿನ್ನೂ ಹೇಳೇ ಇಲ್ಲ."

"ಸದ್ದು ಬದಲಾಯ್ತಲ್ಲ. ಕರಕರ ಅಂತಿತ್ತು, ಈಗ ಸರಸರ ಅಂತಿದೆ."

ಹದಿನಾರು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ನನಗೂ ಹಾಗೇ ಗೊತ್ತಾಗುವುದು. ಅದನ್ನು ಇನ್ನೊಬ್ಬರ ಬಾಯಿಂದ ಕೇಳಿದ್ದು ಅದೇ ಮೊದಲು.

ಕೊನೆಗೆ ಪಾಲಿಶ್ ಹಚ್ಚಿ ಬಟ್ಟೆಯಲ್ಲಿ ತಿಕ್ಕಿದ. ಬಟ್ಟೆ ಕಪ್ಪಾದರೆ ಲೋಹ ಸಿಕ್ಕಿತು ಎಂದರ್ಥ. ಬಟ್ಟೆ ಬೆಳ್ಳಗೇ ಉಳಿದರೆ ಅಲ್ಲಿ ಇನ್ನೂ ಕೋಟ್ ಇದೆ, ಮತ್ತೆ ಮೊದಲಿಂದ. ಅವನ ಬಟ್ಟೆ ಇದ್ದಿಲಾಯಿತು. ಚಕ್ರದಲ್ಲಿ ಅವನ ಮೂಗು ಕಾಣಿಸಿತು.

"ನೋಡಿ, ನೋಡಿ! ನನ್ನ ಮುಖ!"

"ಅದಕ್ಕೆ ನಾನೇನೂ ಮಾಡೋಕಾಗಲ್ಲ," ಅಂದೆ. ಅವನು ನೆಲದ ಮೇಲೆ ಕೂತು ನಕ್ಕ.

ಎರಡನೇ ಶನಿವಾರ ಅಮ್ಮ ಕೈಯಲ್ಲಿ ತಟ್ಟೆ ಹಿಡಿದು ನನ್ನ ಶೆಡ್ಡಿಗೇ ಬಂದಳು. ಆಲೂಗಡ್ಡೆ, ಚೀಸ್ ತುಂಬಿ ಬೆಣ್ಣೆಯಲ್ಲಿ ಬಾಡಿಸಿದ ಕಡುಬಿನಂಥ ಪಿಯೆರೋಗಿ. ಗಿರಾಕಿಗಳಿಗೆ ಅವಳು ನೀರೂ ಕೊಡುವವಳಲ್ಲ.

"ತಿನ್ನಪ್ಪ. ಉಜ್ಜಿ ಉಜ್ಜಿ ಸಣ್ಣಗಾಗಿದೀಯ."

"ಒಂದೇ ವಾರ ಆಗಿದ್ದು," ಅಂದೆ ನಾನು.

"ನಿನ್ನ ಜೊತೆ ಒಂದು ವಾರ ಅಂದ್ರೆ ಕಮ್ಮಿ ಆಯ್ತಾ?" ಎಂದು ಅಮ್ಮ ಅವನ ಕಡೆ ತಿರುಗಿದಳು. "ಕಾರು ನೋಡಿದೆ ಕಣಪ್ಪ. ಬಾಗಿಲ ಕೆಳಗೆಲ್ಲ ತುಕ್ಕು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವಾ?"

"ಜುಟ್ಟಿಂದ ಶುರು ಮಾಡಿದೀನಿ ಅಷ್ಟೇ," ಎಂದ ಆರ್ಲೋ, ಬಾಯಿ ತುಂಬ ಪಿಯೆರೋಗಿ ಇಟ್ಟುಕೊಂಡು. "ಹೊಟ್ಟೆ ಮುಂದಿನ ವರ್ಷ."

ಅಮ್ಮನಿಗೆ ಅವನು ಅಲ್ಲಿಗೇ ಒಪ್ಪಿಗೆಯಾದ. ಹೋಗುವಾಗ ನನ್ನ ಕಿವಿಯಲ್ಲಿ, "ಮುಂದಿನ ವರ್ಷಾನೂ ಇರ್ತಾನಂತೆ," ಎಂದಳು.

ಆ ದಿನ ಕಾಯುವ ಇಪ್ಪತ್ತು ನಿಮಿಷದಲ್ಲಿ ಅವನು ತನ್ನ ಕಥೆ ಹೇಳಿದ. ಮದುವೆಯಾಗಿಲ್ಲ. ಒಮ್ಮೆ ಆಗುವುದರಲ್ಲಿತ್ತು, ಆಕೆಗೆ ಅವನ ಮೌನ ಹಿಡಿಸಲಿಲ್ಲವಂತೆ. "ಮೌನಾನಾ? ನೀವಾ?" ಅಂದೆ. "ಬೇರೆ ಕಡೆ ನಾನು ಇಷ್ಟು ಮಾತಾಡಲ್ಲ," ಎಂದ ಅವನು, ಚಕ್ರವನ್ನೇ ನೋಡುತ್ತ. ನನ್ನ ಕೆನ್ನೆ ಬಿಸಿಯಾಯಿತು. ಸ್ಟ್ರಿಪರಿನ ಘಾಟು ಎಂದುಕೊಂಡೆ.

ಮೂರನೇ ಶನಿವಾರದ ಹೊತ್ತಿಗೆ ನನ್ನ ಶುಕ್ರವಾರಗಳು ಹಾಳಾಗಿದ್ದವು. ಮಾತಾಡಿಸಿದವರಿಗೆ ಅರ್ಧ ಉತ್ತರ ಕೊಡುತ್ತಿದ್ದೆ. ಯಾರದೋ ಚಕ್ರಕ್ಕೆ ಇನ್ಯಾರದೋ ಚೀಟಿ ಅಂಟಿಸಿದೆ. ಅವತ್ತು ಇಬ್ಬರೂ ಒಂದೇ ಚಕ್ರದ ಆಚೆ ಈಚೆ ಕೂತು ಉಜ್ಜಿದೆವು. ನಾನು ಉಜ್ಜುವ ಹಾಗಿರಲಿಲ್ಲ, ಸುಮ್ಮನೆ ಹೇಗೆಂದು ತೋರಿಸುತ್ತಿದ್ದೆ. ತೋರಿಸುವಾಗ ಅವನ ಒದ್ದೆ ಬೆರಳು ನನ್ನ ಬೆರಳಿಗೆ ತಾಗಿತು. ಇಬ್ಬರೂ ತೆಗೆಯಲಿಲ್ಲ. ನೀರು ತಣ್ಣಗಿತ್ತು, ಕೈ ಬೆಚ್ಚಗಿತ್ತು.

"ನಾಳೆ ಚರ್ಚ್ ಹಾಲಿನ ಪಿಯಾನೋ ಶ್ರುತಿ ಮಾಡ್ತೀನಿ," ಎಂದ ಅವನು ಮೆಲ್ಲಗೆ. "ಮಧ್ಯಾಹ್ನ ಯಾರೂ ಇರಲ್ಲ. ಬರ್ತೀರಾ? ಸುಮ್ಮನೆ ಕೇಳೋಕೆ."

"ನಾಳೆ ಕೆಲಸ ಇದೆ," ಅಂದೆ.

ಕೆಲಸ ಇರಲಿಲ್ಲ. ಭಾನುವಾರ ಮಧ್ಯಾಹ್ನವೆಲ್ಲ ಅಡುಗೆಮನೆಯ ಚಮಚಗಳಿಗೆ ಪಾಲಿಶ್ ಹಾಕುತ್ತ ಕೂತಿದ್ದೆ. ನನಗೆ ಅವನು ಬೇಕಾಗಿದ್ದ. ಬೇಕು ಎಂದು ಹೇಳಿ, ಅವನು ಬೇಡ ಎಂದುಬಿಟ್ಟರೆ? ಹೂಂ ಎಂದು ಐದು ವರ್ಷದ ಮೇಲೆ ಬೇಡ ಎಂದರೆ? ಊರು ಮತ್ತೆ ಟೈರು ಬದಲಿಸಲು ಬರುತ್ತದೆ. ಹೇಳದೇ ಇದ್ದರೋ, ಇನ್ನು ಒಂದೇ ಚಕ್ರ ಬಾಕಿ. ಅದು ಮುಗಿದರೆ ಅವನು ನನ್ನ ಶೆಡ್ಡಿಗೆ ಬರಲು ಕಾರಣವೇ ಇರುವುದಿಲ್ಲ.

ನಾಲ್ಕನೇ ಶನಿವಾರ ಹೇಳಿಯೇಬಿಡುವುದು ಎಂದು ತೀರ್ಮಾನಿಸಿ ಕೂತಿದ್ದೆ.

ಅವನು ಬಂದ. ಹೊಸ ಅಂಗಿ. ಕೂದಲು ಕತ್ತರಿಸಿಕೊಂಡಿದ್ದ. ಕತ್ತಿನ ಹಿಂದೆ, ಕಿವಿಯ ಕೆಳಗೆ, ಬಿಸಿಲು ಕಾಣದ ಬೆಳ್ಳನೆಯ ಗೆರೆಯೊಂದು ಹೊಸದಾಗಿ ಕಾಣಿಸುತ್ತಿತ್ತು.

"ಕೆಲಸಕ್ಕೆ ಹೊಸ ಅಂಗೀನಾ?"

"ಇವತ್ತು ಕೊನೇ ದಿನ ಅಲ್ವಾ," ಎಂದ.

ಆ 'ಕೊನೇ' ನನ್ನ ಎದೆಗೆ ಬಡಿಯಿತು. ಟೈರು ಬಿಚ್ಚಿದೆ. ಅವನು ಎಂದಿನಂತೆ ಬಗ್ಗಿ ಗೆಣ್ಣಿನಿಂದ ಬಡಿದ. "ಇದರ ಸದ್ದು ಸ್ವಲ್ಪ ಮಂದ ಅಲ್ವಾ?" ಎಂದ.

"ಹೂಂ," ಅಂದೆ. ನನ್ನ ಕಣ್ಣು ಆ ಬಿಳಿ ಗೆರೆಯ ಮೇಲಿತ್ತು. ಅವನು ತಿರುಗಿ ನನ್ನನ್ನೊಮ್ಮೆ ನೋಡಿ, ಮತ್ತೇನೂ ಹೇಳದೆ ಬ್ರಷ್ ತೆಗೆದುಕೊಂಡ.

ಬಳಿದ. ಹಾಳೆ ಸುತ್ತಿದ. ಕಾದೆವು. ಹತ್ತು ನಿಮಿಷ ಕಳೆಯಿತು. ನಾನು ಬಾಯಿ ತೆರೆದೆ, ಅಷ್ಟರಲ್ಲಿ ಅಮ್ಮ ಬಂದು ಕತ್ತರಿ ಎಲ್ಲಿ ಎಂದು ಕೇಳಿದಳು. ಹದಿನೈದು ನಿಮಿಷಕ್ಕೆ ಅವನು ಬಾಯಿ ತೆರೆದ, ನನ್ನ ಫೋನ್ ಬಡಿದುಕೊಂಡಿತು. ಇಪ್ಪತ್ತಾಯಿತು. ಹಾಳೆ ತೆಗೆದೆ.

ಕೋಟ್ ಸುಕ್ಕುಗಟ್ಟಿತ್ತು, ಸರಿ. ಆದರೆ ಅಂಚಿನಲ್ಲಿ ಅಂಗೈ ಅಗಲದ ಜಾಗ ಮೆತ್ತಗಾಗಿ ಕುಸಿದಿತ್ತು. ಚಾಕು ತಾಗಿಸಿದರೆ ನಸುಗೆಂಪು ಮುದ್ದೆ ಮುದ್ದೆಯಾಗಿ ಕಿತ್ತುಬಂತು. ಪುಟ್ಟಿ. ಯಾರೋ ಯಾವಾಗಲೋ ಒಡೆದ ಅಂಚನ್ನು ಪುಟ್ಟಿ ಮೆತ್ತಿ ಬೆಳ್ಳಿ ಬಣ್ಣ ಹೊಡೆದಿದ್ದರು. ಸ್ಟ್ರಿಪರ್ ಅದನ್ನು ಕರಗಿಸಿತ್ತು. ಚಕ್ರ ಮಗುಚಿದೆ. ಒಳಮೈಯಲ್ಲಿ ಬೆರಳುದ್ದದ ಬಿರುಕು ಕುರುಡರಿಗೂ ಕಾಣುವಂತಿತ್ತು.

ಒಂದು ನಿಮಿಷ ಮಗುಚಿ ನೋಡಿದ್ದರೆ ಮುಗಿಯುತ್ತಿತ್ತು. ಸ್ಟ್ರಿಪರ್ ಸೋಕಿಸದೆ ಬಿಟ್ಟಿದ್ದರೆ ಆ ಪುಟ್ಟಿ ಪರೇಡಿನವರೆಗಾದರೂ ತಡೆಯುತ್ತಿತ್ತು; ಈಗ ಅಷ್ಟು ಹಳೇ ಕಾರಿಗೆ ಬೇರೆ ಚಕ್ರ ಹುಡುಕಿಸಲು ಉಳಿದ ಒಂದು ವಾರ ಸಾಲದು.

"ಈಗೇನು ಮಾಡೋದು?" ಎಂದ ಆರ್ಲೋ.

"ವೆಲ್ಡಿಂಗ್. ಅಲ್ಯೂಮಿನಿಯಂ ವೆಲ್ಡ್ ಮಾಡೋನು ಊರಲ್ಲಿ ಒಬ್ಬನೇ."

"ಯಾರು?"

"ನನ್ನ ಹಳೇ ಗಂಡ," ಅಂದೆ.

ಡ್ವೇನ್ ಈಗ ದಪ್ಪಗಾಗಿದ್ದಾನೆ. ಎರಡನೇ ಹೆಂಡತಿ, ಅವಳಿ ಹೆಣ್ಣುಮಕ್ಕಳು, ಗ್ಯಾರೇಜ್ ತುಂಬ ಕಬ್ಬಿಣ. ಚಕ್ರವನ್ನು ಎತ್ತಿ ತಿರುಗಿಸಿ ನೋಡಿದ. ಆಮೇಲೆ ಆರ್ಲೋನನ್ನು ನೋಡಿದ. ಆಮೇಲೆ ನನ್ನನ್ನು.

"ಬ್ರೋನ್ಯಾ, ಇದನ್ನ ನೋಡದೆ ಹ್ಯಾಗೆ ಬಳಿದೆ?"

"ಬೆಳಕು ಕಮ್ಮಿ ಇತ್ತು."

"ಬೆಳಿಗ್ಗೆ ಹತ್ತು ಗಂಟೆಗಾ?"

"ಮೋಡ ಇತ್ತು."

ಡ್ವೇನ್ ಬಾಗಿಲಾಚೆ ಕಣ್ಣು ಕುಕ್ಕುವ ಬಿಸಿಲನ್ನು ನೋಡಿದ. "ನಾನು ಕಂಡ ಹಾಗೆ ನೀನು ಒಳಗೆ ನೋಡದೆ ಯಾವ ಕೆಲಸಕ್ಕೂ ಕೈ ಹಾಕಿದವಳಲ್ಲ. ಮದುವೆ ಒಂದು ಬಿಟ್ಟು."

ಬೇರೆ ದಿನವಾದರೆ ನಾನೂ ನಗುತ್ತಿದ್ದೆ. ಆರ್ಲೋ ನನ್ನ ಮುಖವನ್ನೇ ನೋಡುತ್ತಿದ್ದ, ಏನೋ ಬರಲಿದೆ ಎಂದು ಕಾಯುವವನಂತೆ. ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ನಾನು ಏನು ಮಾಡಿದೆ ಗೊತ್ತೆ? "ಆ ಸ್ಟ್ರಿಪರ್ ಡಬ್ಬಿಯಲ್ಲೂ ಏನೋ ದೋಷ ಇರಬೇಕು," ಅಂದೆ.

ಆರ್ಲೋ ಕಣ್ಣು ಕೆಳಗೆ ಹಾಕಿದ.

ಡ್ವೇನ್ ಬಿರುಕು ಬೆಸೆದು, ತುಂಡಾದ ಅಂಚಿಗೆ ಲೋಹ ತುಂಬಿ ಕೊಟ್ಟ. "ಪರೇಡಿಗೆ, ನಡೆಯೋ ವೇಗಕ್ಕೆ, ಸಾಕು. ಹೈವೇಗೆ ಬೇಡ, ಆಮೇಲೆ ಬೇರೆ ಚಕ್ರ ಹುಡುಕು," ಎಂದ. ಹೊರಗೆ ಬಂದ ಮೇಲೆ ಆರ್ಲೋ ಚಕ್ರವನ್ನು ಕಾರಿನ ಹಿಂಬದಿಯಲ್ಲಿಟ್ಟ.

"ಉಳಿದದ್ದು ನಾನೇ ಮನೇಲಿ ಉಜ್ಕೋತೀನಿ. ಬೇಕಾದಷ್ಟು ಕಲಿಸಿದೀರಿ. ತುಂಬ ಥ್ಯಾಂಕ್ಸ್."

ಅವನು ಹೊರಡಲಿಲ್ಲ. ಕಾರಿನ ಬಾಗಿಲು ಹಿಡಿದು ನಿಂತೇ ಇದ್ದ.

"ನೀರು ಚೆನ್ನಾಗಿ ಹಾಕಿ ಉಜ್ಜಿ," ಅಂದೆ.

ಅವನು ಹೋದ.

ಆ ವಾರ ಅಮ್ಮ ನನ್ನನ್ನು ಬಾಣಲೆಗೆ ಹಾಕಿ ಹುರಿದಳು. ಡ್ವೇನ್ ಹೆಂಡತಿಗೆ ಹೇಳಿದ್ದ, ಅವಳು ಬೇಕರಿಯಲ್ಲಿ ಹೇಳಿದ್ದಳು, ಬೇಕರಿಯಲ್ಲಿ ಹೇಳಿದ ಮೇಲೆ ಪತ್ರಿಕೆಯಲ್ಲಿ ಹಾಕಿಸುವ ಅಗತ್ಯವಿಲ್ಲ.

"ಬೆಳಕು ಕಮ್ಮಿ ಇತ್ತಂತೆ! ಮೋಡ ಇತ್ತಂತೆ! ಡಬ್ಬಿಗೆ ದೋಷ ಬಂದಿತ್ತಂತೆ! ಪಾಪ, ಆ ಡಬ್ಬಿ ಏನೇ ಮಾಡಿತ್ತು ನಿನಗೆ?"

"ಬಿಡಮ್ಮ."

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದ್ರೆ ಆಚೆ ಇರೋನಿಗೆ ಹೇಗೆ ಕಾಣ್ಬೇಕು? ಬೇಕು ಅಂದ್ರೆ ಬೇಕು ಅನ್ನು. ಬೇಡ ಅಂದ್ರೆ ನನ್ನ ಪಿಯೆರೋಗಿ ವಾಪಸ್ ಕೊಡ್ಸು."

ಮೂರು ಸಲ ಅವನಿಗೆ ಫೋನ್ ಮಾಡಲು ಹೋದೆ. ಮೂರು ಸಲವೂ ಬಾಯಿಗೆ ಬಂದದ್ದು ಮರಳು ಕಾಗದದ ನಂಬರು. ಇಟ್ಟುಬಿಟ್ಟೆ.

ಜೂನ್ ಮೊದಲ ಶನಿವಾರ. ಮಧ್ಯಾಹ್ನದ ಬಿಸಿಲಿಗೆ ಮುಖ್ಯರಸ್ತೆಯ ಎರಡೂ ಬದಿ ಮಡಚುವ ಕುರ್ಚಿ ಹಾಕಿಕೊಂಡು ಊರೆಲ್ಲ ಕೂತಿತ್ತು. ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಮೈಕು ಹಿಡಿದು ನಿಂತವನು ಡ್ವೇನ್. ಪ್ರತಿವರ್ಷವೂ ಅವನೇ, ಅವನ ಗಂಟಲಿಗೆ ಮೈಕಿನ ಅಗತ್ಯವೂ ಇಲ್ಲ. ನಾನು, ಅಮ್ಮ ಮೆಟ್ಟಿಲ ಪಕ್ಕದಲ್ಲೇ ಇದ್ದೆವು.

ಇಪ್ಪತ್ತಮೂರನೇ ಕಾರು ನೀಲಿ. ತುಕ್ಕು ಹಾಗೇ ಇತ್ತು. ಒಂದು, ಎರಡು, ಮೂರು ಚಕ್ರ ಕಣ್ಣಿಗೆ ಹೊಡೆಯುವಂತೆ ಹೊಳೆಯುತ್ತಿದ್ದವು. ನಾಲ್ಕನೆಯದು ಬೂದಿ ಬಣ್ಣಕ್ಕೆ ಮಂಕಾಗಿ, ವೆಲ್ಡಿಂಗಿನ ಗಾಯ ಎದ್ದು ಕಾಣುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಡ್ವೇನ್ ನಿಂತ ಬದಿಗೆ ಬಾರದಂತೆ ಆಚೆ ಹಿಂದಕ್ಕೆ ಹಾಕುತ್ತಿದ್ದರು. ಇವನು ಇದೇ ಬದಿಗೆ, ಅದೂ ಮುಂದಕ್ಕೇ ಹಾಕಿದ್ದ.

"ಆರ್ಲೋ ಕ್ಯೂಪರ್!" ಎಂದ ಡ್ವೇನ್. "ಯಾರ ಕೈ?"

"ನನ್ನ ಕೈ."

"ಮುಂದಿನ ಚಕ್ರಕ್ಕೆ ಏನಾಯ್ತು ಮಾರಾಯ?"

ಡ್ವೇನ್‌ಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಎಲ್ಲರ ಕುರ್ಚಿಯೂ ಒಂದಿಷ್ಟು ಮುಂದಕ್ಕೆ ಬಾಗಿತು.

ಆರ್ಲೋ ಕಿಟಕಿಯಿಂದ ತಲೆ ಹೊರಹಾಕಿದ. "ನಾನು ಕೆಡಿಸಿದೆ. ಒಳಮೈ ನೋಡು ಅಂತ ಮೊದಲ ದಿನವೇ ಹೇಳಿಕೊಟ್ಟಿದ್ದರು. ನಾನು ನೋಡಲಿಲ್ಲ. ಕೊವಾಲ್ ಅಂಗಡಿಯವರ ತಪ್ಪೇನೂ ಇಲ್ಲ."

ಜನ ಹೋ ಎಂದು ನಕ್ಕರು. "ಹೊಸಬ ಅಲ್ವಾ, ಬಿಡಿ!" ಎಂದು ಯಾರೋ ಕೂಗಿದರು. "ಮುಂದಿನ ವರ್ಷ ಟ್ರೈಸಿಕಲ್ ತಗೊಂಡು ಬಾ!" ಎಂದರು ಇನ್ಯಾರೋ. ಆರ್ಲೋನೂ ನಕ್ಕ. ಈ ಊರಿನವನಾಗಬೇಕೆಂದು ಬಂದವನು, ನನ್ನ ಹೆಸರು ಉಳಿಸಲು ಊರ ಮುಂದೆ ಪೆದ್ದನಾಗಿ ಕೂತಿದ್ದ.

ನನಗೆ ಅದನ್ನು ನೋಡಿಕೊಂಡಿರಲು ಆಗಲಿಲ್ಲ. ಮೆಟ್ಟಿಲು ಹತ್ತಿದ್ದು ನೆನಪಿಲ್ಲ, ಡ್ವೇನ್ ಕೈಯಿಂದ ಮೈಕು ಕಿತ್ತುಕೊಂಡದ್ದು ನೆನಪಿದೆ.

"ಸುಳ್ಳು," ಅಂದೆ. ನನ್ನ ದನಿ ಬೀದಿಯ ಕೊನೆಗೆ ಹೋಗಿ ವಾಪಸು ಬಂತು. "ಇವರು ಹೇಳ್ತಿರೋದು ಸುಳ್ಳು. ಒಳಗೆ ನೋಡಬೇಕಾಗಿದ್ದವಳು ನಾನು. ನೋಡಲಿಲ್ಲ. ಬೆಳಕು ಬೇಕಾದಷ್ಟು ಇತ್ತು. ಮೋಡ ಇರಲಿಲ್ಲ. ಡಬ್ಬಿ ಸರಿಯಾಗಿತ್ತು. ಆ ಹೊತ್ತಲ್ಲಿ ನಾನು ಇವರ ಕತ್ತು ನೋಡ್ತಿದ್ದೆ."

ಹಿಂದಿನ ಕಾರುಗಳ ಇಂಜಿನ್‌ಗಳು ಮಾತ್ರ ಗುರುಗುಟ್ಟುತ್ತಿದ್ದವು.

"ಪೂರ್ತಿ ಹೇಳೇ!" ಎಂದು ಕೂಗಿದಳು ಅಮ್ಮ.

"ನನಗೆ ಇವರು ಅಂದ್ರೆ ಇಷ್ಟ," ಅಂದೆ. "ತುಂಬ ಇಷ್ಟ. ಚರ್ಚ್ ಹಾಲಿಗೆ ಕರೆದಾಗ ನನಗೆ ಕೆಲಸ ಇರಲಿಲ್ಲ. ಹೆದರಿಕೆ ಇತ್ತು. ಈಗಲೂ ಇದೆ. ಯಾರಿಗಾದರೂ ನೋಡಬೇಕು ಅನ್ನಿಸಿದ್ರೆ ನಾಳೆಯಿಂದ ಟೈರು ಬದಲಿಸೋಕೆ ಬನ್ನಿ."

ಆರ್ಲೋ ಕಾರಿನಿಂದ ಇಳಿದ. ಮೆಟ್ಟಿಲ ಬುಡಕ್ಕೆ ಬಂದು ನಿಂತ. ಕಿವಿ ಎರಡೂ ಕೆಂಪಗಾಗಿದ್ದವು.

"ಆ ಚಕ್ರ ಮಂದ ಇದೆ ಅಂತ ನಾನು ಹೇಳಿದ್ದು ಒಂದೇ ಸಲ," ಎಂದ.

"ಹೌದು. ನಾನು ಹೂಂ ಅಂದೆ."

"ನೀವು ಕೇಳಿಸಿಕೊಳ್ಳಲಿಲ್ಲ ಅಂತ ಗೊತ್ತಿತ್ತು. ಬಿರುಕು ಬಿಟ್ಟದ್ದು ಯಾವುದು ಅಂತ ನನ್ನ ಕಿವಿಗೆ ಗೊತ್ತಾಗಲ್ವಾ? ಅದೇ ನನ್ನ ಹೊಟ್ಟೆಪಾಡು. ಎರಡನೇ ಸಲ ಹೇಳಬೇಕಿತ್ತು. ಬೇಕಂತಲೇ ಹೇಳಲಿಲ್ಲ."

"ಯಾಕೆ?"

"ಈ ಚಕ್ರ ಕೆಟ್ಟರೆ ಪರೇಡ್ ಆದ ಮೇಲೂ ಐದನೇ ಶನಿವಾರ ಅಂತ ಒಂದು ಸಿಗುತ್ತೆ ಅಂತ."

ಮೈಕು ನನ್ನ ಕೈಯಲ್ಲೇ ಇತ್ತು. ಊರೆಲ್ಲ ಕೇಳಿಸಿಕೊಂಡಿತು. ಯಾರೋ ಹೆಂಗಸು "ಅಯ್ಯೋ" ಎಂದು ಉಸಿರು ಬಿಟ್ಟಳು, ಆಮೇಲೆ ಚಪ್ಪಾಳೆ ಶುರುವಾಯಿತು. ನನಗೆ ನಗು, ಅಳು, ಸಿಟ್ಟು ಮೂರೂ ಒಟ್ಟಿಗೇ ಬಂದವು. ಬೇಕಂತಲೇ ಒಳ್ಳೆಯ ಚಕ್ರದ ಕೆಲಸ ಹಾಳು ಮಾಡಿದವನನ್ನು ಬೈಯಬೇಕು ಎನಿಸಿತು.

ಡ್ವೇನ್ ಮೈಕು ವಾಪಸು ಕಿತ್ತುಕೊಂಡ. "ಅಂದ್ರೆ ಕೆಡಿಸಿದ್ದು ಇಬ್ಬರೂ. ಕೈ ಇಬ್ಬರದು. ನಿಯಮ ನಿಯಮವೇ! ಕೈ ಯಾರದೋ ಅವರು ಕಾರಲ್ಲಿರಬೇಕು. ಬ್ರೋನ್ಯಾ, ಹತ್ತು ಬೇಗ, ಹಿಂದೆ ಹದಿನೇಳು ಕಾರು ಕಾಯ್ತಿವೆ!"

ಹತ್ತಿದೆ. ಸೀಟಿನ ಸ್ಪ್ರಿಂಗ್ ಚುಚ್ಚುತ್ತಿತ್ತು. ಅಮ್ಮ ಎಲ್ಲರಿಗೂ ಕೇಳುವ ಹಾಗೆ ಪಕ್ಕದವರಿಗೆ ಏನೋ ವಿವರಿಸುತ್ತಿದ್ದಳು. ಆರ್ಲೋ ಗೇರ್ ಹಾಕಿದ, ಕಾರು ನಡೆಯುವ ವೇಗಕ್ಕೆ ಮುಂದೆ ಸಾಗಿತು. ಎರಡೂ ಬದಿಯಿಂದ ಜನ ಕೈ ಬೀಸುತ್ತಿದ್ದರು. ನಾನೂ ಬೀಸಿದೆ. ಬೇರೆ ದಾರಿ ಇರಲಿಲ್ಲ.

ಅವನು ರಸ್ತೆಯನ್ನೇ ನೋಡುತ್ತ ಕೇಳಿದ. "ಹಾಗಾದ್ರೆ ಮುಂದಿನ ಶನಿವಾರ ಬರಲಾ?"

"ಶನಿವಾರದವರೆಗೆ ಯಾರು ಕಾಯ್ತಾರೆ?" ಅಂದೆ. "ನಾಳೆ ಬಾ."